ಸೀರೆ ತಿರುವಿ ನೋಡಿದೆ: ಧಾರವಾಡದ ಒಂದು ಕಸೂತಿ ಮನೆ, ಎಂಟು ವರ್ಷದ ಗಿರಾಕಿಯ ಅನುಭವ

ಹೋದ ತಿಂಗಳು ಸೊಸೆಯ ಕುಬಸಕ್ಕೆ (ಸೀಮಂತಕ್ಕೆ) ಮಾಡಿಸಿದ ಇಳಕಲ್ ಸೀರೆ ಕೈಗೆ ಬಂತು. ಗಾಢ ಹಸಿರು ಒಡಲು, ಕೆಂಪು ಸೆರಗು. ಒಡಲ ತುಂಬ ಎರಡು ಬೆರಳಿನ ಅಗಲದ ತೊಟ್ಟಿಲುಗಳು, ಸೆರಗಿನ ಪಕ್ಕಕ್ಕೆ ಒಂದು ಸಾಲು ಗೋಪುರ. ಬಿಚ್ಚಿದ ಕೂಡಲೇ ಸೀರೆ ತಿರುವಿದೆ. ಇದು ಅಜ್ಜಿಯಿಂದ ಬಂದ ಅಭ್ಯಾಸ. "ಕಸೂತಿ ನೋಡೂದು ಹಿಂದಿಂದ" ಅನ್ನುತ್ತಿದ್ದಳು. ಹಿಂಬದಿಯಲ್ಲಿ ಒಂದೂ ಗಂಟು ಇರಲಿಲ್ಲ. ಗೋಪುರ ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇತ್ತು. ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಕನ್ನಡಕ ಹಾಕಿಕೊಂಡು ಹುಡುಕಿದೆ. ಸಿಗಲಿಲ್ಲ.

ಈ ಸೀರೆ ಮಾಡಿಕೊಟ್ಟ ಕಸೂತಿ ಮನೆ ಧಾರವಾಡದ ಮಾಳಮಡ್ಡಿ ಕಡೆ ಒಂದು ಹಳೇ ಮನೆಯ ಮಾಳಿಗೆ ಮೇಲಿದೆ. ಬೋರ್ಡು ಇಲ್ಲ. ಹೆಸರು, ಫೋನ್ ನಂಬರು ಬರೆಯಬೇಡ್ರಿ ಅಂತ ನಡೆಸುವವರೇ ಕೇಳಿಕೊಂಡಿದ್ದಾರೆ, ಅದಕ್ಕೆ ಬರೆಯುತ್ತಿಲ್ಲ. ಓಣಿಯವರು ಈಗ ಅವರನ್ನು ಕಸೂತಿ ಬಾಯಾರು ಅಂತಾರೆ. ಬಾಯಾರು ಅನ್ನುವುದು ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಎಂಟು ವರ್ಷದ ಹಿಂದೆ ಯಾರಾದರೂ ಹಾಗೆ ಕರೆದಿದ್ದರೆ ಅವರು ನಾಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ನಾನು ಈ ವಿಮರ್ಶೆ ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕೇ. ಅವರ ಸೂಜಿ ಮೊದಲ ದಿನದಿಂದಲೂ ಚೆನ್ನಾಗಿತ್ತು. ಸೂಜಿ ಹಿಡಿದ ಹೆಣ್ಣುಮಗಳು ಈ ಕೆಲಸ ನಡೆಸುತ್ತ ನಡೆಸುತ್ತ ಹೇಗೆ ಬೆಳೆದಳು ಅನ್ನುವುದನ್ನು ಗಿರಾಕಿಯಾಗಿ ಹತ್ತಿರದಿಂದ ನೋಡಿದ್ದೇನೆ. ನನಗೆ ಸಿಕ್ಕ ಸೀರೆಯಲ್ಲಿ ಆ ಬೆಳವಣಿಗೆಯೂ ಸೇರಿದೆ.

ನನ್ನ ಬಗ್ಗೆ ಒಂದು ಮಾತು. ಹುಬ್ಬಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಹುಡುಗಿಯಾಗಿದ್ದಾಗ ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆ ಮೇಲೆ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಕಸೂತಿಯ ಈ ನಾಲ್ಕೂ ಹೊಲಿಗೆ ಕಲಿತಿದ್ದೆ. ಈಗ ಕಣ್ಣು ಅಷ್ಟು ಸೂಕ್ಷ್ಮ ಇಲ್ಲ, ಹಾಗಾಗಿ ಮಾಡಿಸುತ್ತೇನೆ. ಆದರೆ ಒಳ್ಳೆಯ ಕೆಲಸ ಯಾವುದು ಅಂತ ಗೊತ್ತಾಗುತ್ತದೆ.

ಮೊದಲು ಈಗಿನ ವ್ಯವಸ್ಥೆ ಹೇಳಿಬಿಡುತ್ತೇನೆ, ಹೋಗಬೇಕು ಅನ್ನುವವರಿಗೆ ಉಪಯೋಗ ಆಗಲಿ. ನಾನು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಹೋದದ್ದು ಫೆಬ್ರುವರಿಯಲ್ಲಿ. ಸೀರೆ ನಾನೇ ಒಯ್ದಿದ್ದೆ. ಬಾಯಾರು ಸೀರೆಯನ್ನು ಕಿಟಕಿ ಹತ್ತಿರ ಹಿಡಿದು, ಒಂದು ಭೂತಗನ್ನಡಿ ಇಟ್ಟು, ಎಳೆ ಎಣಿಸಿ ನೋಡಿದರು. ಕಸೂತಿಗೆ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಅಚ್ಚು ಹಾಕುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಕೊಂಡೇ ಹೋಗಬೇಕು. ಎಳೆ ಕಾಣದ ನಯವಾದ ರೇಷ್ಮೆ ಆದರೆ ಮೇಲೆ ಜಾಳಿಗೆಯಂಥ ಬಟ್ಟೆ ಟಾಕಿ, ಹೊಲಿದಾದ ಮೇಲೆ ಅದರ ಎಳೆ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇಳಕಲ್ ಒಡಲಿಗೆ ಅದು ಬೇಕಾಗಲಿಲ್ಲ.

ನನಗೆ ಸೆರಗಿನ ಮೇಲೂ ಕಸೂತಿ ಬೇಕಿತ್ತು. ಬೇಡ ಅಂದರು. "ಸೆರಗಿನಾಗ ಆಗಲೇ ನೇಕಾರ ಹಣಿಗೆ, ತೆನಿ ಎಲ್ಲಾ ಹಾಕ್ಯಾನ್ರಿ ಅಕ್ಕಾರ. ಅವನ ಕೆಲಸದ ಮ್ಯಾಲೆ ನಾವು ಕೂಡಬಾರದು." ಹಣಿಗೆ, ತೆನಿ ಅಂದರೆ ಸೆರಗಿನಲ್ಲೇ ನೇಯ್ದ ಬಾಚಣಿಗೆ, ತೆನೆಯ ಆಕಾರದ ಚಿತ್ತಾರ. ನಾನು ಒಂದು ಕ್ಷಣ ಸುಮ್ಮನಾದೆ. ಮನೆಗೆ ಬಂದು ಸೆರಗು ಹಾಸಿ ನೋಡಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು.

ಆಮೇಲೆ ಒಂದು ಚೀಟಿ ಕೊಟ್ಟರು. ಅದು ನನ್ನ ಹತ್ತಿರ ಇನ್ನೂ ಇದೆ. 64 ತೊಟ್ಟಿಲು, ಒಂದು ಸಾಲು ಗೋಪುರ, 140 ಗಂಟೆ. ಗಂಟೆಗೆ 65 ರೂಪಾಯಿಯಂತೆ 9,100. ದಾರ 450. ಪರೀಕ್ಷೆ, ತೊಳೆಯುವುದು, ಇಸ್ತ್ರಿ ಸೇರಿ 950. ಮನೆಯ ಪಾಲು 1,000. ಒಟ್ಟು 11,500. ಅರ್ಧ ಮುಂಗಡ. ಕೆಳಗೆ ಕೊಡುವ ತಾರೀಖು, ಅದರ ಕೆಳಗೆ ಹೊಲಿಯುವ ಇಬ್ಬರು ಹೆಣ್ಣುಮಕ್ಕಳ ಹೆಸರು. ಹೊಲಿಯುವವರ ಹೆಸರು ಬಿಲ್ಲಿನಲ್ಲಿ ಬಂದದ್ದು ನಾನು ಬೇರೆಲ್ಲೂ ನೋಡಿಲ್ಲ.

ಈಗ ಇದರ ಪಕ್ಕಕ್ಕೆ 2017 ಇಟ್ಟು ನೋಡಬೇಕು.

ಆಗ ಅವರು ಮನೆಯ ಪಡಸಾಲೆಯಲ್ಲಿ ಒಬ್ಬರೇ ಕೂತು ಹೊಲಿಯುತ್ತಿದ್ದರು. ನನಗೆ ಒಂದು ಕುಪ್ಪಸದ ತೋಳು ಮತ್ತು ಬೆನ್ನಿಗೆ ಆನೆ ಅಂಬಾರಿ ಹಾಕಿಕೊಟ್ಟರು. ಒಂಬತ್ತು ದಿನ ಹಿಡಿದಿತ್ತು. "ಎಷ್ಟಾತವಾ?" ಅಂತ ಕೇಳಿದೆ. ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ, "ನೀವ ತಿಳದು ಕೊಡ್ರಿ ಅಕ್ಕಾರ" ಅಂದರು. ನಾನು 800 ರೂಪಾಯಿ ಕೊಟ್ಟೆ. ಜಾಸ್ತಿ ಕೊಟ್ಟೆ ಅಂತಲೇ ನನ್ನ ಲೆಕ್ಕ. ದಿನಕ್ಕೆ ಐದು ತಾಸು ಅಂದರೂ 45 ತಾಸು. ತಾಸಿಗೆ 18 ರೂಪಾಯಿ ಕೂಡ ಬೀಳಲಿಲ್ಲ. ದಾರದ ದುಡ್ಡು ಅದರಲ್ಲೇ. ಈ ಲೆಕ್ಕ ಆಗ ನಾನೂ ಮಾಡಲಿಲ್ಲ, ಅವರೂ ಮಾಡಲಿಲ್ಲ. ಮನೆಯಲ್ಲಿ ಕೂತು ಹೆಂಗಸರು ಮಾಡುವ ಕೆಲಸ ಅಂದರೆ ಪುರುಸೊತ್ತಿನ ಕೆಲಸ ಅಂತ ಎಲ್ಲರ ತಲೆಯಲ್ಲೂ ಕೂತಿತ್ತು. ಆ 800 ರೂಪಾಯಿ ನೆನಪಾದಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಮುಂದಿನ ಎರಡು ವರ್ಷ ಕೆಲಸ ಬೆಳೆಯಿತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಬೆಂಗಳೂರು, ಪುಣೆಯಿಂದೆಲ್ಲ ಸೀರೆ ಬರತೊಡಗಿದವು. ಕೆಲಸ ಬೆಳೆದ ಹಾಗೆ ತೊಂದರೆಯೂ ಬೆಳೆಯಿತು, ಅದರಲ್ಲಿ ಒಂದು ನನ್ನದೇ. 2019ರ ದೀಪಾವಳಿ ಆದ ಮೇಲೆ ತಂಗಿ ಮಗಳ ನಿಶ್ಚಯ ಇತ್ತು. ಸೀರೆ ಅದಕ್ಕೆ ಮುಂಚೆ ಬೇಕು ಅಂತ ಮೂರು ತಿಂಗಳ ಮೊದಲೇ ಹೇಳಿದ್ದೆ. "ಆಗ್ಲ್ರಿ" ಅಂದಿದ್ದರು. ನಿಶ್ಚಯದ ದಿನ ಹತ್ತಿರ ಬಂದರೂ ಸುದ್ದಿ ಇಲ್ಲ. ಫೋನ್ ಎತ್ತಲಿಲ್ಲ. ಹುಡುಗಿ ಬೇರೆ ಸೀರೆ ಉಟ್ಟಳು. ನನಗೆ ಬಹಳ ಸಿಟ್ಟು ಬಂದಿತ್ತು. ಇನ್ನು ಆ ಮನೆ ಮೆಟ್ಟಿಲು ಹತ್ತುವುದಿಲ್ಲ ಅಂತ ತಂಗಿ ಎದುರು ಹೇಳಿಯೂ ಬಿಟ್ಟೆ.

ಎರಡು ದಿನ ಬಿಟ್ಟು ಅವರೇ ಹುಬ್ಬಳ್ಳಿಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ನನ್ನ ಮುಂಗಡದ ದುಡ್ಡು. ಕಣ್ಣ ಕೆಳಗೆ ಕಪ್ಪಾಗಿತ್ತು. ಚಹಾ ಕುಡಿಯುತ್ತ ಹೇಳಿದರು, ಹಬ್ಬಕ್ಕೆ ಅಂತ ಹದಿನಾಲ್ಕು ಸೀರೆ ಒಪ್ಪಿಕೊಂಡಿದ್ದರಂತೆ. ಒಬ್ಬರ ಕೈಯಲ್ಲಿ ಆಗುವುದು ಮೂರೋ ನಾಲ್ಕೋ. ಹಾಗಾದರೆ ಯಾಕೆ ಒಪ್ಪಿಕೊಂಡೆ ಅಂದೆ. "ನನಗ ಒಲ್ಲೆ ಅನ್ನಾಕ ಬರೂದಿಲ್ರಿ ಅಕ್ಕಾರ. ಮನಿಗೆ ಬಂದವರಿಗೆ ಹೆಂಗ ಅನ್ನೂದು?" ಅಂದರು. ಫೋನ್ ಯಾಕೆ ಎತ್ತಲಿಲ್ಲ ಅಂದೆ. ಅದಕ್ಕೆ ಉತ್ತರ ಕೊಡಲಿಲ್ಲ. ಚಹಾದ ಕಪ್-ಬಸಿ ಕೆಳಗಿಟ್ಟು ಅಳತೊಡಗಿದರು.

ಸೀರೆ ಇಟ್ಟುಕೊಂಡೆ. ದುಡ್ಡು ವಾಪಸ್ ತಗೊಳ್ಳಲಿಲ್ಲ. ನನ್ನಂಥವರು ಎಷ್ಟು ಜನ ಸಿಟ್ಟಾಗಿ ಹೋಗಿರಬೇಕೋ. ಆದರೆ ಅವರು ಹದಿನಾಲ್ಕೂ ಮನೆಗಳಿಗೆ ಹೀಗೇ ಖುದ್ದಾಗಿ ಹೋಗಿ ಬಂದರು ಅಂತ ಆಮೇಲೆ ಗೊತ್ತಾಯಿತು. ನನ್ನ ಪ್ರಕಾರ ಅವರು ಬದಲಾದದ್ದು ಆ ವಾರದಲ್ಲಿ. ತಪ್ಪು ಮಾಡಿ ಬಾಗಿಲು ಹಾಕಿಕೊಳ್ಳುವ ಬದಲು ಹದಿನಾಲ್ಕು ಸಲ ಬೇರೆಯವರ ಬಾಗಿಲು ಬಡಿದರು. ಸ್ವಂತ ಕೆಲಸ ಅಂತ ಇಲ್ಲದಿದ್ದರೆ ಆ ಧೈರ್ಯ ಬರುವ ಪ್ರಸಂಗವೇ ಅವರಿಗೆ ಇರುತ್ತಿರಲಿಲ್ಲ.

ಮರುವರ್ಷ ಲಾಕ್‌ಡೌನ್. ಆರ್ಡರು ನಿಂತವು. ಆ ಖಾಲಿ ತಿಂಗಳುಗಳಲ್ಲಿ ಅವರು 200 ಪುಟದ ಒಂದು ನೋಟ್‌ಬುಕ್ ತುಂಬಿಸಿದರು. ನನಗೆ ತೋರಿಸಿದ್ದಾರೆ. ಒಂದೊಂದು ಪುಟಕ್ಕೆ ಒಂದೊಂದು ಚಿತ್ತಾರ: ತೇರು, ತುಳಸಿಕಟ್ಟೆ, ನವಿಲು, ಶಂಖ, ಪಲ್ಲಕ್ಕಿ. ಪಕ್ಕದಲ್ಲಿ ಎಷ್ಟು ಎಳೆ, ಯಾವ ಹೊಲಿಗೆ, ಎಷ್ಟು ನಿಮಿಷ. ಗಡಿಯಾರ ಇಟ್ಟುಕೊಂಡು ತಾವೇ ಹೊಲಿದು ಬರೆದದ್ದು. ಅದೇ ಹೊತ್ತಿಗೆ ಓಣಿಯ ಐದಾರು ಹೆಣ್ಣುಮಕ್ಕಳಿಗೆ ಕಲಿಸಲು ಶುರುಮಾಡಿದರು. ನೋಟ್‌ಬುಕ್ ಇಲ್ಲದಿದ್ದರೆ ಕಲಿಸುವುದು ಕಷ್ಟ ಇತ್ತು, ಯಾಕಂದರೆ ಅಲ್ಲಿಯವರೆಗೆ ಎಲ್ಲ ಅವರ ಬೆರಳಲ್ಲೇ ಇತ್ತು. ಕೈಗೆ ಗೊತ್ತಿದ್ದದ್ದನ್ನು ಬಾಯಲ್ಲಿ ಹೇಳಲು ಅವರು ಆಗ ಕಲಿತರು. ಮೂರು ದಶಕ ಪಾಠ ಮಾಡಿದವಳಾಗಿ ಹೇಳುತ್ತೇನೆ, ಅದು ಸಣ್ಣ ಕಲಿಕೆ ಅಲ್ಲ. ಬೆಲೆ ಹೇಳುವಾಗ ಸೆರಗು ಬೆರಳಿಗೆ ಸುತ್ತುವುದೂ ಆಗಲೇ ನಿಂತಿತು. ಎದುರಿಗೆ ಲೆಕ್ಕ ಇತ್ತಲ್ವಾ, ಅಳುಕು ಯಾಕೆ?

ಇನ್ನೊಂದು ಪೆಟ್ಟು 2022ರಲ್ಲಿ ಬಿತ್ತು. ಬೇರೆ ಊರಿನ ಒಬ್ಬ ವ್ಯಾಪಾರಿ 120 ದುಪಟ್ಟಾ ಮಾಡಿಸಿಕೊಂಡು ಏಳು ತಿಂಗಳು ದುಡ್ಡು ಕೊಡಲಿಲ್ಲ. ಹೊಲಿದ ಹೆಣ್ಣುಮಕ್ಕಳಿಗೆ ಕೂಲಿ ಕೊಡಲು ಬಾಯಾರು ತಮ್ಮ ಪಾಟ್ಲಿ ಬಳೆ ಅಡ ಇಟ್ಟರು. ಹಳೆಯ ಬಾಯಾರಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಹಣೆಬರಹ ಅಂತ ಸುಮ್ಮನಾಗುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿದ ಉದ್ಯಮ್ ನೋಂದಣಿ ಮಾಡಿಸಿದ್ದರು. ನೋಂದಣಿ ಆದ ಸಣ್ಣ ಉದ್ಯಮದಿಂದ ಮಾಲು ತಗೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಬಡ್ಡಿ ಸೇರುತ್ತದೆ ಅಂತ ಸಣ್ಣ ಉದ್ಯಮಗಳ 2006ರ ಕಾಯ್ದೆಯಲ್ಲಿದೆ. ದೂರು ಕೊಡಲು ಆಗ ಸರ್ಕಾರದ ಸಮಾಧಾನ್ ಪೋರ್ಟಲ್ ಇತ್ತು. ಇದನ್ನೆಲ್ಲ ಕೇಳಿ ತಿಳಿದುಕೊಂಡು ಒಂದು ಪತ್ರ ಬರೆದರು. ಕಾಗುಣಿತ ನೋಡ್ರಿ ಅಂತ ನನ್ನ ಹತ್ತಿರ ತಂದಿದ್ದರು. ಒಂದೂವರೆ ಪುಟ, ಒಂದು ಬೈಗುಳ ಇಲ್ಲ, ಒಂದು ಬೇಡಿಕೊಳ್ಳುವ ಮಾತೂ ಇಲ್ಲ. ಬಿಲ್ ನಂಬರು, ತಾರೀಖು, ಕಾಯ್ದೆ, ದೂರು ಹಾಕುವ ದಿನ. ಮೂರು ವಾರದಲ್ಲಿ ದುಡ್ಡು ಬಂತು. ಪಾಟ್ಲಿ ಬಿಡಿಸಿಕೊಂಡರು. ಅರ್ಧ ಮುಂಗಡದ ನಿಯಮ ಅವತ್ತಿನಿಂದ ಬಂದದ್ದು. ಅದಕ್ಕೇ ಈಗ ನನ್ನ ಹತ್ತಿರವೂ ಮುಂಗಡ ಕೇಳಿದಾಗ, ಇಷ್ಟು ಹಳೇ ಪರಿಚಯದವಳ ಹತ್ತಿರ ಕೇಳ್ತಾರಲ್ಲ ಅಂತ ನನಗೆ ಅನ್ನಿಸಲಿಲ್ಲ.

ಮತ್ತೆ ಸೀರೆಗೆ ಬರುತ್ತೇನೆ. ಅರ್ಧ ಕೆಲಸ ಆದಾಗ ಒಮ್ಮೆ ಬಂದು ನೋಡ್ರಿ ಅಂತ ಕರೆಯುವುದು ಅವರ ಪದ್ಧತಿ. ಏಪ್ರಿಲ್‌ನಲ್ಲಿ ಹೋದೆ. ಮಾಳಿಗೆ ಮೇಲೆ ಚಾಪೆ ಹಾಸಿ ಏಳು ಜನ ಕೂತಿದ್ದರು. ನನ್ನ ಸೀರೆ ಇಬ್ಬರ ತೊಡೆ ಮೇಲೆ ಹರಡಿತ್ತು. ಗೋಪುರದ ಸಾಲು ಹೊಲಿಯುತ್ತಿದ್ದ ಹುಡುಗಿಗೆ ಇಪ್ಪತ್ತು ಇಪ್ಪತ್ತೆರಡು ಇರಬಹುದು.

ಗವಂತಿ ಹೊಲಿಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸೂಜಿ ಹೋಗುವಾಗ ಒಂದು ಟಾಕು ಹಾಕಿ ಒಂದು ಬಿಟ್ಟು, ಮತ್ತೆ ಒಂದು ಹಾಕಿ ಒಂದು ಬಿಟ್ಟು ಹೋಗುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಆವಾಗಲೇ ಗೆರೆ ಪೂರ್ತಿ ಆಗುವುದು, ಎರಡೂ ಬದಿ ಒಂದೇ ಥರ ಕಾಣುವುದು. ಗೋಪುರಕ್ಕೆ ಮೆಟ್ಟಿಲು, ಕಳಸ, ಒಳಗಿನ ಕಿಂಡಿ ಅಂತ ಕವಲು ಜಾಸ್ತಿ. ಎಲ್ಲ ಕವಲಿಗೂ ಹೋಗಿ ಸೂಜಿ ಹೊರಟ ಜಾಗಕ್ಕೇ ಬರುವ ಹಾಗೆ ದಾರಿ ಮೊದಲೇ ತಲೆಯಲ್ಲಿ ಇರಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿ ಎಣಿಸಿದರೂ ಬರುವಾಗ ಗೆರೆ ಕೂಡುವುದಿಲ್ಲ.

ಆ ಹುಡುಗಿ ಮೂರನೇ ಗೋಪುರದಲ್ಲಿ ಒಂದು ಎಳೆ ತಪ್ಪಿದ್ದಳು. ಕೂಡದ ಜಾಗದಲ್ಲಿ ಸಣ್ಣ ಓರೆ ಟಾಕು ಹಾಕಿ ಮುಚ್ಚಿ, ಆ ತಪ್ಪಿನ ಅಳತೆಯಲ್ಲೇ ಮುಂದಿನ ಗೋಪುರಗಳನ್ನು ಹೊಲಿದಿದ್ದಳು. ನನ್ನ ಕಣ್ಣಿಗೆ ಬೀಳಲಿಲ್ಲ, ನಿಜ ಹೇಳುತ್ತೇನೆ. ಬಾಯಾರು ಬೆರಳು ಆಡಿಸಿಯೇ ಹಿಡಿದರು. ಭೂತಗನ್ನಡಿ ಇಟ್ಟು ಹುಡುಗಿಗೆ ತೋರಿಸಿದರು. ಅವಳ ಮುಖ ಬಿಳಿಚಿಕೊಂಡಿತು. ನಾಲ್ಕು ದಿನದ ಕೆಲಸ. ನಾನು ನಡುವೆ ಬಾಯಿ ಹಾಕಿ, "ಇರಲಿ ಬಿಡವಾ, ಯಾರು ನೋಡ್ತಾರ" ಅಂದೆ. ಬಾಯಾರು ನನ್ನ ಮಾತಿಗೆ ತಲೆ ಅಲ್ಲಾಡಿಸಿ, ಹುಡುಗಿ ಪಕ್ಕಕ್ಕೆ ಕೂತರು. "ಎಣಿಕಿ ತಪ್ಪೈತಿ ತಂಗಿ, ಕೈ ತಪ್ಪಿಲ್ಲ. ಬಾ, ಇಬ್ರೂ ಬಿಚ್ಚೋಣು." ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ಇವರು. ಒಡಲ ಎಳೆ ಹರಿಯದ ಹಾಗೆ, ಸೂಜಿಯ ಮೊಂಡು ತುದಿಯಿಂದ ಒಂದೊಂದೇ ಟಾಕು ಎತ್ತಿ ಬಿಚ್ಚುತ್ತ ಕೂತರು. ಕತ್ತರಿ ಮುಟ್ಟಲಿಲ್ಲ. ಬಿಚ್ಚಿದ ಬಿಳಿ ದಾರ ಗುಂಗುರು ಗುಂಗುರಾಗಿ ಚಾಪೆ ಮೇಲೆ ಬಿದ್ದಿತ್ತು.

ಆ ನಾಲ್ಕು ದಿನದ ಕೂಲಿ ಯಾರ ಮೇಲೆ ಅಂತ ಇಳಿಯುವಾಗ ಮೆಟ್ಟಿಲ ಹತ್ತಿರ ಕೇಳಿದೆ. "ಮನಿ ಮ್ಯಾಲ್ರಿ. ಕಲಿಯೂ ಹುಡುಗಿಗೆ ಗೋಪುರ ಕೊಟ್ಟಾಕಿ ನಾನ ಅಲ್ಲೇನ್ರಿ" ಅಂದರು. ನನ್ನ ಬಿಲ್ಲಿನಲ್ಲಿ ಒಂದು ಪೈಸೆ ಜಾಸ್ತಿ ಆಗಲಿಲ್ಲ. ಚೀಟಿಯಲ್ಲಿ ಮನೆಯ ಪಾಲು ಅಂತ ಇದ್ದ ಆ 1,000 ರೂಪಾಯಿ ಎಲ್ಲಿ ಹೋಗುತ್ತದೆ ಅಂತ ಆಗ ತಿಳಿಯಿತು. ಸೀರೆ ಹೇಳಿದ ತಾರೀಖಿಗಿಂತ ಒಂದು ದಿನ ಮೊದಲೇ ಸಿಕ್ಕಿತು.

ಇಷ್ಟವಾಗದ್ದೂ ಇದೆ. ಕಾಯಬೇಕು, ನಾಲ್ಕೈದು ತಿಂಗಳು ಅಂತಲೇ ಹಿಡಿಯಿರಿ. ಹಬ್ಬ, ಲಗ್ನ ಹತ್ತಿರ ಇಟ್ಟುಕೊಂಡು ಹೋದರೆ "ಆಗೂದಿಲ್ರಿ" ಅಂತ ನೇರವಾಗಿ ಹೇಳುತ್ತಾರೆ. ಮೊದಲ ಸಲ ಕೇಳಿದವರಿಗೆ ಖಡಕ್ ಅನ್ನಿಸಬಹುದು. ಮೆಟ್ಟಿಲು ಬಹಳ ಕಡಿದು, ಮೊಣಕಾಲು ನೋವಿನವರಿಗೆ ಕಷ್ಟ, ಕೆಳಗೆ ಒಂದು ಕುರ್ಚಿ ಹಾಕಿ ಅಲ್ಲೇ ಸೀರೆ ತಗೊಳ್ಳುವ ವ್ಯವಸ್ಥೆ ಮಾಡಿದರೆ ಒಳ್ಳೆಯದು, ಅವರಿಗೂ ಹೇಳಿದ್ದೇನೆ. ಬೆಲೆ ಕೈಗೆ ನಿಲುಕದು ಅನ್ನುವವರಿಗೆ ಕುಪ್ಪಸದ ಕೈ ಮಾತ್ರ, ಅಥವಾ ಒಂದು ಸಣ್ಣ ಕೈಚೀಲ ಮಾಡಿಸಬಹುದು. ಅದನ್ನೂ ಇಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ. ಪೇಟೆಯಲ್ಲಿ ಎರಡು ಸಾವಿರಕ್ಕೆ ಕಸೂತಿ ಸೀರೆ ಸಿಗುತ್ತದಲ್ಲ ಅನ್ನುವವರು ಆ ಸೀರೆ ತಿರುವಿ ನೋಡಿ. ಹಿಂದೆ ಅಂಟಿಸಿದ ಕಾಗದದ ಚೂರು, ಬೇರೆ ಬಣ್ಣದ ದಾರ ಕಂಡರೆ ಅದು ಕಂಪ್ಯೂಟರ್ ಹೊಲಿಗೆ. ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಇದು ಈ ಸೀಮೆಯದೇ ಕೆಲಸ ಅನ್ನುವ ಸರ್ಕಾರಿ ಗುರುತು ಇದೆ. ಆದರೆ ಅಂಗಡಿಯಲ್ಲಿ ನಿಂತಾಗ ನಮ್ಮ ಕಣ್ಣೇ ಕೆಲಸಕ್ಕೆ ಬರುವುದು.

ನನಗೆ ನಿಜವಾಗಿ ಕಳಕೊಂಡೆ ಅನ್ನಿಸಿದ್ದು ಒಂದೇ. 2017ರ ಆ ಆನೆ ಅಂಬಾರಿ ಪೂರ್ತಿ ಬಾಯಾರ ಕೈಯದು. ಆನೆಯ ಸೊಂಡಿಲಲ್ಲಿ ಒಂದು ತಿರುವು ಇದೆ, ಅದು ಬೇರೆ ಯಾರಿಗೂ ಬಂದಿಲ್ಲ. ಈಗ ಅವರ ದಿನ ಎಲ್ಲ ಬೆಲೆ ಹೇಳುವುದು, ದಾರ ಹಂಚುವುದು, ಎಣಿಕೆ ಪರೀಕ್ಷೆ, ಬ್ಯಾಂಕು ಇದರಲ್ಲೇ ಹೋಗುತ್ತದೆ. ಹೊಸ ಸೀರೆಯ 64 ತೊಟ್ಟಿಲಲ್ಲಿ ಅವರು ಹೊಲಿದದ್ದು ಒಂದೂ ಇಲ್ಲ. ಹೆಣ್ಣುಮಕ್ಕಳ ಕೈ ಚೆನ್ನಾಗಿದೆ, ಅದರಲ್ಲಿ ಮಾತಿಲ್ಲ. ಆದರೂ ಕೇಳಿದೆ, "ನಿನ್ನ ಕೈದು ಮತ್ತ ಯಾವಾಗವಾ?"

ಅವರು ಎದ್ದು ಕಪಾಟಿನಿಂದ ಒಂದು ಬಿಳಿ ಪಂಚೆಯ ಗಂಟು ತೆಗೆದರು. ಒಳಗೆ ಚಂದ್ರಕಾಳಿ, ಕಪ್ಪು ಸೀರೆ. ಸೋಮವಾರ ಕಸೂತಿ ಮನೆಗೆ ರಜೆ ಮಾಡಿದ್ದಾರೆ, ಎರಡು ವರ್ಷ ಆಯಿತು. ಅವತ್ತು ಯಾರೂ ಬರುವುದಿಲ್ಲ, ಫೋನೂ ಬಂದ್. ಇದೊಂದನ್ನೇ ಹೊಲಿಯುತ್ತಾರೆ. ಮಾರಲು ಅಲ್ಲ, ಯಾರಿಗೂ ಕೊಡಲು ಅಲ್ಲ. ಕಪ್ಪು ಎಳೆ ಎಣಿಸುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೆ ಬಿಸಿಲು ಬರುವ ಕಿಟಕಿ ಬೇಕು, ಬಿಸಿಲು ಸರಿದ ಕೂಡಲೇ ಎತ್ತಿಡುತ್ತಾರಂತೆ.

ತೇರು ಅರ್ಧ ಆಗಿತ್ತು. ಗಾಲಿ, ಹಗ್ಗ, ಮೊದಲ ಅಂತಸ್ತು ಮುಗಿದಿತ್ತು. ಅದರ ಹಿಂದೆ ಒಂದು ಆನೆ. ನಾನು ಕೇಳದೆಯೇ ಸೀರೆ ತಿರುವಿದೆ. ಅವರು ಬೇಡ ಅನ್ನಲಿಲ್ಲ. ಹಿಂದೆಯೂ ಅದೇ ಆನೆ, ಅದೇ ಸೊಂಡಿಲು.